ಲೆಕ್ಕದಲ್ಲಿ ಹೆಪ್ಪುಗಟ್ಟಿದ ಕಾಫಿ

ಮೇಜಿನ ಮೇಲಿಟ್ಟ ಬಿಸಿ ಕಾಫಿ ಐದು ನಿಮಿಷದಲ್ಲಿ ಎಷ್ಟು ಆರುತ್ತದೆ? ಕುಡಿದು ನೋಡಿದರಾಯಿತು ಎನ್ನುತ್ತೀರಾ? ಕುಡಿಯುವ ಮೊದಲೇ ಲೆಕ್ಕ ಹಾಕಿ ಹೇಳಲೂ ಸಾಧ್ಯ. ಕಾಫಿಗೂ ಕೋಣೆಗೂ ಉಷ್ಣತೆಯಲ್ಲಿ ಎಷ್ಟು ಅಂತರವಿದೆಯೋ ಅದಕ್ಕೆ ತಕ್ಕ ವೇಗದಲ್ಲಿ ಕಾಫಿ ಆರುತ್ತದೆ. ಇದು ನ್ಯೂಟನ್ನನ ನಿಯಮ.

ಕಾಫಿ 90 ಡಿಗ್ರಿ ಸೆಲ್ಸಿಯಸ್, ಕೋಣೆ 25 ಡಿಗ್ರಿ ಇರಲಿ. ನಿಮಿಷಕ್ಕೆ ಅಂತರದ ಹತ್ತರಲ್ಲೊಂದು ಪಾಲು ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಈಗ ಅಂತರ 65. ಮೊದಲ ನಿಮಿಷಕ್ಕೆ 6.5 ಕಳೆಯಿರಿ, 83.5 ಉಳಿಯಿತು. ಅಂತರ 58.5ಕ್ಕೆ ಇಳಿಯಿತು, 5.85 ಕಳೆಯಿರಿ. ಹೀಗೆ ಐದು ಹೆಜ್ಜೆ ಇಟ್ಟರೆ ಸುಮಾರು 63.4 ಡಿಗ್ರಿ. ಕಲನಶಾಸ್ತ್ರ ಕೊಡುವ ಸರಿಯುತ್ತರ 64.4. ಒಂದು ಡಿಗ್ರಿ ತಪ್ಪಿತೇಕೆ? ಕಾಫಿ ಆರುವ ವೇಗ ಕ್ಷಣಕ್ಷಣಕ್ಕೂ ತಗ್ಗುತ್ತದೆ. ನಾವು ಮಾತ್ರ ಇಡೀ ನಿಮಿಷ ಒಂದೇ ವೇಗ ಹಿಡಿದೆವು. ಅರ್ಧರ್ಧ ನಿಮಿಷದ ಹತ್ತು ಹೆಜ್ಜೆ ಇಟ್ಟರೆ 63.9 ಬರುತ್ತದೆ, ತಪ್ಪೂ ಅರ್ಧವಾಗುತ್ತದೆ. ಗಣಿತಜ್ಞ ಆಯ್ಲರ್ 1768ರ ತನ್ನ ಗ್ರಂಥದಲ್ಲಿ ವಿವರಿಸಿದ ಉಪಾಯವಿದು. ಕೂಡುವುದು, ಕಳೆಯುವುದು, ಗುಣಿಸುವುದು ಗೊತ್ತಿದ್ದರೆ ಸಾಕು.

ಈಗ ಸೋಮಾರಿಯಾಗಿ 20 ನಿಮಿಷದ ಒಂದೇ ಹೆಜ್ಜೆ ಹಾಕಿ ನೋಡಿ. 6.5ನ್ನು 20ರಿಂದ ಗುಣಿಸಿದರೆ 130. ಅದನ್ನು 90ರಲ್ಲಿ ಕಳೆದರೆ ಕಾಫಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ! ಕಂಪ್ಯೂಟರಿಗೆ ಈ ಲೆಕ್ಕ ಕೊಟ್ಟರೆ ಅದೂ ಇದೇ ಉತ್ತರವನ್ನು ಎಗ್ಗಿಲ್ಲದೆ ಬರೆದು ತೋರಿಸುತ್ತದೆ. ನಗಬೇಕಾದವರು ನಾವು. ಮಗನನ್ನೋ ಮಗಳನ್ನೋ ಕಂಪ್ಯೂಟರ್ ತರಗತಿಗೆ ಸೇರಿಸಿ ನಿಶ್ಚಿಂತರಾದ ತಂದೆತಾಯಂದಿರು, ಈ ಉತ್ತರ ಕಂಡು ಮಕ್ಕಳಿಗೆ ನಗು ಬರುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಬಹುದು. ಅದು ಬಾರದಿದ್ದರೆ ಕೊಟ್ಟ ಫೀಸಿನ ಬಗ್ಗೆ ಯೋಚಿಸಬೇಕಾದೀತು.

ಕಾಫಿಗೆ ಸಿದ್ಧ ಸೂತ್ರವೇ ಇರುವಾಗ ಈ ಪಾಡೇಕೆ ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ನಿಜ. ಆದರೆ ಪ್ರಕೃತಿಯ ಬಹುಪಾಲು ಸಮಸ್ಯೆಗಳಿಗೆ ಅಂಥ ಸೂತ್ರವಿಲ್ಲ. ಹ್ಯಾಲಿ ಧೂಮಕೇತುವನ್ನೇ ನೋಡಿ. ಅದನ್ನು ಸೂರ್ಯನಷ್ಟೇ ಅಲ್ಲ, ಗುರು, ಶನಿಗಳೂ ಸೆಳೆಯುತ್ತವೆ. ಅದು ಮರಳಿ ಬರುವ ದಿನವನ್ನು ತಿಳಿಯಲು ಫ್ರಾನ್ಸಿನ ಕ್ಲೆರೋ, ಲಲಾಂಡ್ ಮತ್ತು ನಿಕೋಲ್ ಲೆಪೋತ್ ಎಂಬ ಮಹಿಳೆ ತಿಂಗಳುಗಟ್ಟಲೆ ಕುಳಿತು, ಕಕ್ಷೆಯನ್ನು ತುಂಡು ತುಂಡಾಗಿ ಕೈಯಲ್ಲೇ ಲೆಕ್ಕ ಹಾಕಿದರು. 1758ರ ನವೆಂಬರಿನಲ್ಲಿ ಕ್ಲೆರೋ ಸಾರಿದ: ಧೂಮಕೇತು ಮುಂದಿನ ಏಪ್ರಿಲ್ ಮಧ್ಯದಲ್ಲಿ ಸೂರ್ಯನಿಗೆ ಅತಿ ಸಮೀಪ ಬರುತ್ತದೆ, ಒಂದು ತಿಂಗಳು ಹಿಂದುಮುಂದಾಗಬಹುದು. ಎಷ್ಟು ತಪ್ಪಬಹುದೆಂಬುದನ್ನೂ ಆತ ಮೊದಲೇ ಹೇಳಿದ್ದ, ಗಮನಿಸಿ.

ಧೂಮಕೇತು ಅಲ್ಲಿಗೆ ಬಂದದ್ದು 1759ರ ಮಾರ್ಚ್ 13ರಂದು.