ಇಕ್ಕಟ್ಟಿನ ಮನೆಗೆ ಒಂದು ಕೋಣೆ ಸೇರಿಸುವಾಗ

ಕಬ್ಬಿನ ಬಿಲ್ಲು ಕೈಗೆ ಬಂತೆಂದರೆ ನಮ್ಮ ರೈತ ಕುಟುಂಬಗಳಲ್ಲಿ ಏಳುವ ಮೊದಲ ಮಾತು, ‘ಹಿತ್ತಲಲ್ಲಿ ಒಂದು ಕೋಣೆ ಕಟ್ಟಿಸೋಣ’ ಎಂಬುದು. ಮಗನ ಮದುವೆ ಇರುತ್ತದೆ, ಇಲ್ಲವೆ ವಯಸ್ಸಾದ ತಾಯಿಗೆ ಬೇರೆ ಕೋಣೆ ಬೇಕಾಗಿರುತ್ತದೆ. ಆದರೆ ಕೃಷ್ಣಾ-ಪಂಚಗಂಗೆಯರ ಸಂಗಮದ ಬಳಿಯಿರುವ ಕುರುಂದವಾಡದಂಥ ಹಳೆಯ ಊರಿನಲ್ಲಿ ಈ ಕೆಲಸ ಸುಲಭವಲ್ಲ. ಮನೆಗಳ ಅಗಲ ಕಡಿಮೆ, ಉದ್ದ ಹೆಚ್ಚು. ಎರಡೂ ಬದಿಗೆ ನೆರೆಯವರ ಗೋಡೆ. ಕೆಳಗೆ ಎರೆಮಣ್ಣು. ಮಳೆಗಾಲ ಬಂದರೆ ಮಹಾಪೂರದ ಭಯ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 20 ಅಡಿ ಅಗಲ, 70 ಅಡಿ ಉದ್ದದ ಜಾಗ. ಬೀದಿಯ ಕಡೆಗೆ ದನದ ಕೊಟ್ಟಿಗೆ, ಅದರಾಚೆ ಪಡಸಾಲೆ, ಕೊನೆಗೆ ಅಡುಗೆಮನೆ. ಇಷ್ಟಕ್ಕೆ 45 ಅಡಿ ಮುಗಿಯಿತು. ಉಳಿದ 25 ಅಡಿ ಹಿತ್ತಲು. ಅದರ ಬಲ ಮೂಲೆಯಲ್ಲಿ ಬಾವಿ. ಕೋಣೆ ಎಲ್ಲಿ? ಶೌಚಾಲಯ ಎಲ್ಲಿ?

ಅಡುಗೆಮನೆಗೆ ತಾಗಿಸಿ ಕೋಣೆ ಕಟ್ಟಿದರೆ ಖರ್ಚು ಕಡಿಮೆ ಎನ್ನುತ್ತಾರೆ ಗೌಂಡಿಗಳು. ಆದರೆ ಅಡುಗೆಮನೆಗೆ ಇದ್ದ ಒಂದೇ ಕಿಟಕಿ ಮುಚ್ಚಿಹೋಗುತ್ತದೆ. ಒಲೆಯ ಹೊಗೆ ಹೊರಗೆ ಹೋಗದು; ಕೆಮ್ಮು, ಕಣ್ಣುರಿ ಮನೆಯ ಹೆಣ್ಣುಮಕ್ಕಳ ಪಾಲಿಗೆ ಬರುತ್ತದೆ. ಆದ್ದರಿಂದ ನಡುವೆ 5 ಅಡಿ ತೆರೆದ ಜಾಗ ಬಿಡಬೇಕು. ಅದರಾಚೆ ಎಡಬದಿಗೆ 12 ಅಡಿ ಉದ್ದ, 10 ಅಡಿ ಅಗಲದ ಕೋಣೆ ಚೆನ್ನಾಗಿ ಕೂಡುತ್ತದೆ. ಬಲಬದಿಯಲ್ಲಿ ಬಾವಿಗೆ ಹೋಗಲು ದಾರಿ ಉಳಿಯುತ್ತದೆ. ಕಿಟಕಿಗಳು ನೆಲದ ಹತ್ತನೇ ಒಂದು ಪಾಲಾದರೂ ಇರಲಿ. ಅಂದರೆ ಈ ಕೋಣೆಗೆ 12 ಚದರ ಅಡಿ. 2 ಅಡಿಗೆ 3 ಅಡಿಯ ಎರಡು ಕಿಟಕಿ ಸಾಕು. ಒಂದು ತೆರೆದ ಜಾಗಕ್ಕೆ, ಇನ್ನೊಂದು ಹಿತ್ತಲಿಗೆ ಇದ್ದರೆ ಗಾಳಿ ಆಡುತ್ತದೆ.

ಶೌಚಾಲಯದ ಗುಂಡಿ ಬಾವಿಯಿಂದ 50 ಅಡಿಯಾದರೂ ದೂರವಿರಬೇಕು. 25 ಅಡಿಯ ಹಿತ್ತಲಲ್ಲಿ ಇದು ಆಗದ ಮಾತು. ಹಾಗಾದರೆ ಅದು ಬೀದಿಯ ಕಡೆಗೆ, ಕೊಟ್ಟಿಗೆಯ ಒಂದು ಮೂಲೆಗೆ ಬರಬೇಕು. ‘ಮನೆಯ ಮುಂದೆ ಶೌಚಾಲಯವೇ?’ ಎಂದು ಹಿರಿಯರು ಮುಖ ಸಿಂಡರಿಸುವುದು ಸಹಜ. ಬಾಗಿಲನ್ನು ಒಳಗಡೆಗೆ ತಿರುಗಿಸಿದರೆ ಮರ್ಯಾದೆಯೂ ಉಳಿಯುತ್ತದೆ, ಕುಡಿಯುವ ನೀರೂ ಉಳಿಯುತ್ತದೆ. ನೆರೆಯವರ ಬಾವಿ ಎಲ್ಲಿದೆ ಎಂಬುದನ್ನೂ ಅಳೆದು ನೋಡಿರಿ. ಎರೆಮಣ್ಣು ನೀರನ್ನು ಬೇಗ ಹೀರುವುದಿಲ್ಲ. ಆದ್ದರಿಂದ ಗುಂಡಿಯ ಸುತ್ತ ಒಂದು ಅಡಿ ದಪ್ಪ ಮರಳು, ಜಲ್ಲಿ ತುಂಬಿಸಬೇಕು.

ದನಗಳನ್ನು ಹಿತ್ತಲಿಗೆ ಕಟ್ಟುವ ಯೋಚನೆ ಬೇಡ. ದಿನಕ್ಕೆರಡು ಸಲ ಅವು ಪಡಸಾಲೆಯಲ್ಲೇ ಹಾದುಹೋಗಬೇಕಾಗುತ್ತದೆ. ಅವು ಮುಂದೆಯೇ ಇರಲಿ. ಕೊಟ್ಟಿಗೆಗೂ ಪಡಸಾಲೆಗೂ ನಡುವಿನ ಗೋಡೆಯನ್ನು ಮಾಡಿನವರೆಗೆ ಏರಿಸಿರಿ. ಗಂಜಲ ಹರಿದುಹೋಗಲು ನೆಲಕ್ಕೆ ಇಳಿಜಾರು ಕೊಡಿರಿ. ನಿಂತ ಗಂಜಲದಿಂದ, ಪೂರದ ಕೊಳೆನೀರಿನಿಂದ ಇಲಿಜ್ವರ ಹರಡಬಹುದು. ಕಾಲಲ್ಲಿ ಗಾಯವಿದ್ದವರು ಬೂಟಿಲ್ಲದೆ ಇಂಥ ನೀರಿಗೆ ಇಳಿಯಬಾರದು.

ಇನ್ನು ಅಡಿಪಾಯದ ಮಾತು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಹಳೆಯ ಗೋಡೆ ಎಂದೋ ಕುಳಿತು ಗಟ್ಟಿಯಾಗಿದೆ; ಹೊಸದು ಇನ್ನೂ ಕುಳಿತುಕೊಳ್ಳಬೇಕು. ಎರಡನ್ನೂ ಬೆಸೆದರೆ ಬಿರುಕು ತಪ್ಪದು. ನೆರೆಯವರ ಗೋಡೆಯ ಮೇಲೆ ತೊಲೆ ಊರದೆ, ಒಂದು ಅಂಗುಲ ಸಂದು ಬಿಟ್ಟು ನಮ್ಮದೇ ಗೋಡೆ ಏರಿಸಬೇಕು. ಆ ಸಂದಿಗೆ ಮಳೆನೀರು ಇಳಿಯದಂತೆ ಮೇಲೆ ತಗಡು ಹೊದಿಸಬೇಕು. ಹಳೆಯ ಗೋಡೆಯ ಪಕ್ಕದಲ್ಲಿ ಅಗೆಯುವಾಗ ಇಡೀ ಕಾಲುವೆಯನ್ನು ಒಮ್ಮೆಲೇ ತೆಗೆಯಬೇಡಿರಿ. ಮೂರು-ನಾಲ್ಕು ಅಡಿ ಅಗೆದು, ಕಟ್ಟಿ, ಮುಂದಕ್ಕೆ ಹೋಗಿರಿ. ಅವಸರಪಟ್ಟರೆ ನೆರೆಮನೆಯ ಗೋಡೆಯೇ ಕೆಲಸದವರ ಮೇಲೆ ಬಿದ್ದೀತು.

2019ರ ಆಗಸ್ಟಿನಲ್ಲಿ ಕೊಲ್ಹಾಪುರದ ರಾಜಾರಾಮ ಬಂಧಾರೆಯಲ್ಲಿ ಪಂಚಗಂಗೆ 55 ಅಡಿ ದಾಟಿತ್ತು. ಅಲ್ಲಿ ಅಪಾಯದ ಮಟ್ಟ 43 ಅಡಿ. ಶಿರೋಳ ತಾಲೂಕಿನ ಊರೂರೇ ನೀರಿನಲ್ಲಿ ನಿಂತವು. 2021ರಲ್ಲಿ ಮತ್ತೆ ಪೂರ ಬಂತು. ನಿಮ್ಮ ಗೋಡೆಯ ಮೇಲೆ ಆ ನೀರಿನ ಗುರುತು ಇನ್ನೂ ಇದ್ದರೆ ಸುಣ್ಣ ಬಳಿದು ಅಳಿಸಬೇಡಿರಿ. ಹೊಸ ಕೋಣೆಯ ನೆಲ ಎಷ್ಟು ಎತ್ತರವಿರಬೇಕೆಂದು ಅದೇ ಹೇಳುತ್ತದೆ. ಅಷ್ಟು ಏರಿಸಲು ಆಗದಿದ್ದರೆ ಆ ಗುರುತಿಗಿಂತ ಮೇಲೆ ಒಂದು ಅಟ್ಟವನ್ನಾದರೂ ಮಾಡಿಸಿ, ಕಾಳುಕಡಿ, ಬೀಜ, ಹೊಲದ ಉತಾರೆ, ರೇಶನ್ ಕಾರ್ಡು ಇಡಲು ಜಾಗ ಮಾಡಿಕೊಳ್ಳಿರಿ. ಆದರೆ ಅಟ್ಟವಿದೆ ಎಂಬ ಧೈರ್ಯದಿಂದ ಜನ ಮನೆಯಲ್ಲೇ ಉಳಿಯಬಾರದು. ಊರು ಬಿಡಿರೆಂದು ಡಂಗುರ ಸಾರಿದರೆ ಮುದುಕರನ್ನೂ ಮಕ್ಕಳನ್ನೂ ದನಗಳನ್ನೂ ಮೊದಲು ಸಾಗಿಸಬೇಕು.

ಹಣ ಕೊಡುವ ಮೊದಲು ನಗರ ಪರಿಷತ್ತಿನ ಅನುಮತಿ ಪಡೆಯಿರಿ. ನಿಮ್ಮ ಜಾಗ ನದಿಯ ನೀಲಿ ಗೆರೆಯ ಒಳಗಿದೆಯೋ, ಕೆಂಪು ಗೆರೆಯ ಒಳಗಿದೆಯೋ ಅಲ್ಲಿಯೇ ಕೇಳಿರಿ. ಆ ಬಳಿಕ ಒಂದು ಸಂಜೆ ಮನೆಯವರೆಲ್ಲ ಹಿತ್ತಲಿಗೆ ಹೋಗಿ, ರಂಗೋಲಿ ಪುಡಿಯಿಂದ ನೆಲದ ಮೇಲೆ ಕೋಣೆಯ ಗೆರೆ ಎಳೆದು, ಬಾಗಿಲಿನ ಜಾಗದಲ್ಲಿ ನಡೆದು ನೋಡಿರಿ. ತುಂಬಿದ ಕೊಡ ಹೊತ್ತು ದಿನವೂ ಅಲ್ಲಿ ಓಡಾಡುವವರ ಮಾತನ್ನು ಮೊದಲು ಕೇಳಿರಿ. ಪುಡಿಯ ಗೆರೆಯನ್ನು ಅಳಿಸಿ ಮತ್ತೆ ಎಳೆಯಲು ಖರ್ಚಿಲ್ಲ.