ಓಟು ಕೇಳುವವರ ಜಾತಕ

ಹೆಣ್ಣು ಕೊಡುವ ಮೊದಲು ಹುಡುಗನ ಮನೆತನ ವಿಚಾರಿಸುತ್ತೇವೆ. ಎತ್ತು ಕೊಳ್ಳುವ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ. ಐದು ವರ್ಷ ನಮ್ಮ ಪರವಾಗಿ ಮಾತಾಡಬೇಕಾದವರಿಗೆ ಓಟು ಕೊಡುವಾಗ ಮಾತ್ರ ಚಿಹ್ನೆ ನೋಡಿಯೇ ತೃಪ್ತರಾಗುತ್ತೇವೆ. ಹಿಂದೆ ಇದಕ್ಕಾಗಿ ಮತದಾರನನ್ನು ದೂರುವಂತಿರಲಿಲ್ಲ. ಉಮೇದ್ವಾರನ ಮೇಲೆ ಖಟ್ಲೆಗಳಿವೆಯೇ, ಆಸ್ತಿಯೆಷ್ಟು, ಸಾಲವೆಷ್ಟು ಎಂಬುದನ್ನು ತಿಳಿಸಬೇಕೆಂಬ ಕಟ್ಟಳೆಯೇ ಇರಲಿಲ್ಲ.

ಆ ಕಟ್ಟಳೆಗಾಗಿ ಹೋರಾಡಿದವರಲ್ಲಿ ಹೈದರಾಬಾದಿನವರೂ ಇದ್ದರು. ಡಾ. ಜಯಪ್ರಕಾಶ ನಾರಾಯಣರು (ಬಿಹಾರದ ಲೋಕನಾಯಕರಲ್ಲ, ಆಂಧ್ರದವರು) ವೈದ್ಯ ಶಿಕ್ಷಣ ಪಡೆದು ಐ.ಎ.ಎಸ್. ಸೇರಿದವರು. 1996ರಲ್ಲಿ ಆ ಹುದ್ದೆ ಬಿಟ್ಟು, ರಾಜಕೀಯ, ಚುನಾವಣೆ ಮತ್ತು ಆಡಳಿತದ ಸುಧಾರಣೆಯ ಬಗ್ಗೆ ಅಧ್ಯಯನ ನಡೆಸುವ ಫೌಂಡೇಶನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಎಂಬ ಸಂಸ್ಥೆಯನ್ನು ಕಟ್ಟಿದರು. ಇದರ ಜೊತೆಗೆ ಬೆಳೆದ ಲೋಕಸತ್ತಾ ಚಳವಳಿಯು 1999ರ ಚುನಾವಣೆಯಲ್ಲಿ, ಕ್ರಿಮಿನಲ್ ಹಿನ್ನೆಲೆಯ ಉಮೇದ್ವಾರರ ಹೆಸರುಗಳನ್ನು ಆಂಧ್ರದ ಜನರ ಮುಂದಿಟ್ಟಿತು.

ಅದೇ ವರ್ಷ ಅಹಮದಾಬಾದಿನ ಕೆಲವು ಪ್ರಾಧ್ಯಾಪಕರು ಸೇರಿ ಕಟ್ಟಿದ ಎ.ಡಿ.ಆರ್. ಸಂಸ್ಥೆ ದಿಲ್ಲಿ ಹೈಕೋರ್ಟಿನ ಮೆಟ್ಟಿಲೇರಿತು. ಉಮೇದ್ವಾರನ ಪೂರ್ವಾಪರ ತಿಳಿಯುವುದು ಮತದಾರನ ಹಕ್ಕೆಂದು 2002ರ ಮೇ 2ರಂದು ಸುಪ್ರೀಂ ಕೋರ್ಟು ಸಾರಿತು. ಇತರ ವಿಷಯಗಳಲ್ಲಿ ಕಚ್ಚಾಡುವ ಪಕ್ಷಗಳು ಇಲ್ಲಿ ಒಂದಾದವು. ಆ ತೀರ್ಪಿನ ಹಲ್ಲು ಕೀಳುವ ಸುಗ್ರೀವಾಜ್ಞೆ ಆಗಸ್ಟಿನಲ್ಲೇ ಬಂತು, ಬಳಿಕ ಶಾಸನವೂ ಆಯಿತು. ಪಿ.ಯು.ಸಿ.ಎಲ್., ಎ.ಡಿ.ಆರ್. ಮತ್ತು ಲೋಕಸತ್ತಾ ಪುನಃ ಕೋರ್ಟಿಗೆ ಹೋದವು. 2003ರ ಮಾರ್ಚ್ 13ರಂದು ಆ ಕಲಮು ಬಿದ್ದುಹೋಯಿತು.

ಲೋಕಸತ್ತಾ 2006ರಲ್ಲಿ ರಾಜಕೀಯ ಪಕ್ಷವಾಯಿತು. 2009ರಲ್ಲಿ ನಾರಾಯಣರು ಕೂಕಟ್‌ಪಲ್ಲಿಯಿಂದ ಶಾಸಕರೂ ಆದರು. ಪಕ್ಷ ಬೇರೂರಲಿಲ್ಲ, ದೊರಕಿಸಿಕೊಟ್ಟ ಹಕ್ಕು ಉಳಿಯಿತು.

ಇದರಿಂದ ಗಡಿನಾಡಿನ ನಮಗೇನು ಎಂದು ಕೇಳಬಹುದು. 2016ರಲ್ಲಿ ಮಂಜೇಶ್ವರದ ಶಾಸಕರನ್ನು ನಿರ್ಧರಿಸಿದ್ದು ಕೇವಲ 89 ಓಟುಗಳ ಅಂತರ. ಒಂದು ಮದುವೆಯ ಊಟದ ಎರಡು ಪಂಕ್ತಿಯಷ್ಟು ಜನ! ಇಂಥ ಕ್ಷೇತ್ರದಲ್ಲಿ ಒಂದೊಂದು ಮನೆಯ ತಿಳುವಳಿಕೆಗೂ ತೂಕವಿದೆ.

ನಾಮಪತ್ರದ ಜೊತೆ ಸಲ್ಲಿಸುವ 26ನೇ ನಮೂನೆಯ ಅಫಿದಾವಿತ್ತಿನಲ್ಲಿ ಖಟ್ಲೆ, ಆಸ್ತಿ, ಸಾಲ, ವಿದ್ಯಾಭ್ಯಾಸ ಎಲ್ಲವನ್ನೂ ಬರೆಯಬೇಕು. ಹೆಂಡತಿ ಅಥವಾ ಗಂಡನ, ಅವಲಂಬಿತರ ಆಸ್ತಿಯನ್ನೂ ತೋರಿಸಬೇಕು. ಯಾವ ಅಂಕಣವನ್ನೂ ಖಾಲಿ ಬಿಡುವಂತಿಲ್ಲವೆಂದು 2013ರಲ್ಲಿ ಕೋರ್ಟು ಹೇಳಿದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಇದನ್ನು ಯಾರೂ ನೋಡಬಹುದು. ಖಟ್ಲೆಗಳಿದ್ದವರು ಆ ವಿವರವನ್ನು ಕ್ಷೇತ್ರದಲ್ಲಿ ಹೆಚ್ಚು ಪ್ರಸಾರವುಳ್ಳ ಪತ್ರಿಕೆಗಳಲ್ಲಿ ಕನಿಷ್ಠ ಮೂರು ಸಲ ಪ್ರಕಟಿಸಬೇಕೆಂಬುದು 2018ರ ತೀರ್ಪು.

ಇಲ್ಲೊಂದು ಮಾತು. ಹೆಚ್ಚು ಪ್ರಸಾರದ ಪತ್ರಿಕೆಯ ಭಾಷೆಯೂ ನಮ್ಮ ಮನೆಯ ಅಜ್ಜಿ ಓದುವ ಭಾಷೆಯೂ ಒಂದೇ ಆಗಬೇಕೆಂದಿಲ್ಲ. ಓದಲು ಬಾರದ ಲಿಪಿಯಲ್ಲಿ ಬಂದ ಸತ್ಯ ಆಕೆಯ ಪಾಲಿಗೆ ಮುಚ್ಚಿಟ್ಟ ಸತ್ಯವೇ ಸರಿ. ಆದುದರಿಂದ ಮುಂದಿನ ಚುನಾವಣೆಯಲ್ಲಿ ಓಟು ಕೇಳಲು ಅಂಗಳಕ್ಕೆ ಬಂದವರಿಗೆ ಬೆಲ್ಲ-ನೀರು ಕೊಡೋಣ. ಅವರು ಯಾವ ಪಕ್ಷದವರೇ ಇರಲಿ, ಒಂದು ಪ್ರಶ್ನೆಯನ್ನೂ ಕೇಳೋಣ: "ನಿಮ್ಮ ಅಫಿದಾವಿತ್ತಿನ ಕನ್ನಡ ಪ್ರತಿ ಎಲ್ಲಿದೆ?"

ಮನೆಯಲ್ಲಿ ಓದುಬರಹ ಬಲ್ಲ ಮಕ್ಕಳಿದ್ದಾರೆ. ಪ್ರತಿ ಸಿಗದಿದ್ದರೆ ಅವರೇ ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಲಿ. ಬಳಿಕ ಯಾರಿಗೆ ಓಟೆಂಬುದು ಅವರವರ ಮನಸ್ಸಿಗೆ ಬಿಟ್ಟದ್ದು.