ನಿಮಗಿದು ಗೊತ್ತೆ? ಬಂದರೂ ‘ಅಲೋಹ’, ಹೊರಟರೂ ‘ಅಲೋಹ’
ಹವಾಯಿ ದ್ವೀಪಗಳಲ್ಲಿ ಎದುರಾದವರಿಗೆ ಹೇಳುವುದು ‘ಅಲೋಹ’, ಬೀಳ್ಕೊಡುವಾಗಲೂ ಅದೇ. ನಮ್ಮ ನಮಸ್ಕಾರದ ಹಾಗೆ. ಆದರೆ ಪದದ ಹರವು ಅಲ್ಲಿಗೇ ನಿಲ್ಲದು. ಪ್ರೀತಿ, ಮಮತೆ, ಕರುಣೆ, ಮರುಕ ಎಲ್ಲಕ್ಕೂ ಹವಾಯಿ ಭಾಷೆಯಲ್ಲಿ ಇದೊಂದೇ ಸಾಕು. ‘ಅಲೋಹ ಕಕಹಿಯಾಕ’ ಎಂದರೆ ಶುಭೋದಯ. ‘ಅಲೋಹ ಔ ಇಯಾ ಓಯೆ’ ಎಂದರೆ ನಿನ್ನನ್ನು ಪ್ರೀತಿಸುತ್ತೇನೆ. ಎರಡನ್ನೂ ಅದಲುಬದಲು ಮಾಡಿದರೆ ಕಷ್ಟ! ನ್ಯೂಜಿಲೆಂಡಿನ ಮಾವೊರಿಗಳ ‘ಅರೋಹ’, ಸಮೋವಾದ ‘ಅಲೋಫ’ ಇದರ ಒಡಹುಟ್ಟುಗಳು.

1986ರಲ್ಲಿ ಹವಾಯಿ ರಾಜ್ಯ ‘ಅಲೋಹ ಮನೋಭಾವ’ವನ್ನು ಕಾನೂನಿಗೇ ಸೇರಿಸಿತು. ಪದದ ಐದು ರೋಮನ್ ಅಕ್ಷರಗಳಿಗೆ ದಯೆ, ಒಗ್ಗಟ್ಟು, ಹಿತವಾದ ನಡೆ, ವಿನಯ, ತಾಳ್ಮೆ ಎಂಬ ಐದು ಗುಣಗಳನ್ನು ಹೊಂದಿಸಲಾಗಿದೆ. ಗವರ್ನರ್, ಶಾಸಕರು, ನ್ಯಾಯಾಧೀಶರು ಅಧಿಕಾರ ಚಲಾಯಿಸುವಾಗ ಇವನ್ನು ನೆನೆಯಬಹುದು ಎನ್ನುತ್ತದೆ ಕಾನೂನು. ಗಮನಿಸಿ, ನೆನೆಯಬಹುದು, ನೆನೆಯಲೇಬೇಕು ಎಂದಿಲ್ಲ.

ಕಂಪ್ಯೂಟರ್ ಲೋಕಕ್ಕೂ ಈ ಹೆಸರು ಹೊಸದಲ್ಲ. ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ತಂಡ 1971ರಲ್ಲಿ ದ್ವೀಪದಿಂದ ದ್ವೀಪಕ್ಕೆ ರೇಡಿಯೊ ಅಲೆಗಳ ಮೂಲಕ ಕಂಪ್ಯೂಟರ್‌ಗಳನ್ನು ಬೆಸೆದ ಜಾಲದ ಹೆಸರು ‘ಅಲೋಹಾನೆಟ್’. ಈಥರ್‌ನೆಟ್‌ಗೆ ಸ್ಫೂರ್ತಿಯಾದದ್ದು ಇದೇ ಜಾಲ.